ಅರ್ಜಿಯ ಪತ್ರದಲ್ಲಿ ತೋಟವನ್ನು ಮರೆಮಾಚಬೇಡಿ



ಕಾಲೇಜು ಓದುವ ನಮ್ಮ ಮಕ್ಕಳು ಕಂಪನಿಗಳ ಇಂಟರ್ನ್‌ಶಿಪ್ ತರಬೇತಿಗೆ ಅರ್ಜಿ ಹಾಕುವಾಗ ಜೊತೆಗೊಂದು ಪತ್ರವನ್ನೂ ಬರೆಯಬೇಕಾಗುತ್ತದೆ. ಇಲ್ಲಿಯೇ ಕಲಿಯುವ ಆಸೆ ಏಕೆ, ತನ್ನಿಂದ ಸಂಸ್ಥೆಗೇನು ಉಪಯೋಗ ಎಂಬುದನ್ನು ಅದು ತಿಳಿಸಬೇಕು. ಒಂದೇ ಪತ್ರವನ್ನು ನಕಲು ಮಾಡಿ ಹತ್ತು ಕಡೆ ಕಳಿಸಿದರೆ ಪ್ರಯೋಜನವಿಲ್ಲ. ಕಾಫಿಗೂ ಅಡಿಕೆಗೂ ಒಂದೇ ಲೆಕ್ಕದಲ್ಲಿ ಗೊಬ್ಬರ ಹಾಕುತ್ತೇವೆಯೇ?

ಮೊದಲು ಸಂಸ್ಥೆಯ ವಿಚಾರ ತಿಳಿಯಬೇಕು. ಟಾಟಾ ಕಾಫಿ 2024ರಲ್ಲಿ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್‌ನೊಂದಿಗೆ ವಿಲೀನವಾಯಿತು. ಈಗಲೂ ಹಳೆಯ ಹೆಸರಿಗೆ ಬರೆದರೆ, ಓದುವವರಿಗೆ ಮೊದಲ ಸಾಲಿನಲ್ಲೇ ಅಸಡ್ಡೆ ಕಾಣುತ್ತದೆ.

ಎರಡನೆಯದು, ಸ್ವಂತ ಅನುಭವ. ‘ನಾನು ಶ್ರಮಜೀವಿ’ ಎಂದು ಯಾರು ಬೇಕಾದರೂ ಬರೆದಾರು. ಖರೀದಿ ವಿಭಾಗಕ್ಕಾದರೆ, ಕೊಯ್ಲಿನಲ್ಲಿ ಹಣ್ಣು ತೂಗಿದ್ದು, ಬಟವಾಡೆ ಲೆಕ್ಕ ಬರೆದದ್ದು ಹೇಳಲಿ. ಗುಣಮಟ್ಟದ ವಿಭಾಗಕ್ಕಾದರೆ, ಪಲ್ಪರ್ ಕೆಲಸ, ಕಣದಲ್ಲಿ ಒಣಗಿಸಿದ್ದು ಮೊದಲು ಬರಲಿ. ಮಾಡದ್ದನ್ನು ಬರೆಯುವುದು ಬೇಡ, ಸಂದರ್ಶನದಲ್ಲಿ ಬಯಲಾಗುತ್ತದೆ. ಒಂದು ಪುಟ ಸಾಕು.

ತೋಟದ ಮಾತೆತ್ತಿದರೆ ಹಗುರವಾಗಿ ಕಂಡಾರೆಂಬ ಅಳುಕು ಕೆಲವು ಮಕ್ಕಳಿಗಿದೆ. ಪೇಟೆಯ ಮಕ್ಕಳಿಗಿಲ್ಲದ ಬಂಡವಾಳವೇ ಅದು. ಪತ್ರ ಬರೆಯುವ ಮುನ್ನ, ಅವರು ತೋಟದಲ್ಲಿ ಮಾಡಿದ ಕೆಲಸಗಳನ್ನು ತಂದೆತಾಯಿಗಳು ಕೂತು ನೆನಪಿಸಿಕೊಡಬೇಕಾಗಿ ವಿನಂತಿ.

— ಕಾರ್ಯದರ್ಶಿ