ಅಟ್ಟದ ಕೊಬ್ಬರಿಗೂ ಒಂದು ಕಥೆಯುಂಟು

ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯ ಕಡೆ ತೋಟವುಳ್ಳವರಿಗೆ ಕೊಬ್ಬರಿ ಮಾಡುವ ಬಗೆ ಹೊಸತಲ್ಲ. ಬಲಿತ ಕಾಯಿ ಹತ್ತು ಹನ್ನೆರಡು ತಿಂಗಳು ಅಟ್ಟದಲ್ಲಿ ಕೂತು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ‘ಗಡಗಡ’ ಎಂದಾಗಲೇ ಉಂಡೆ ಕೊಬ್ಬರಿ ಸಿದ್ಧ. ತಿಪಟೂರಿನಲ್ಲಿ ಹರಾಜಾಗಿ ಅದು ಉತ್ತರ ಭಾರತಕ್ಕೆ ಹೋಗುತ್ತದೆ. ಅಲ್ಲಿ ಕೊಳ್ಳುವವರಿಗೆ ಈ ತಾಳ್ಮೆಯ ಕಥೆ ಹೇಳುವವರು ಯಾರು?

ಹೆಸರಾದ ವ್ಯಾಪಾರಕ್ಕೆ ಪ್ರಚಾರವೇಕೆ ಎನ್ನುವವರುಂಟು. ಅಮೆರಿಕದ ಜಾನ್ ಡೀರ್ ಕಂಪನಿ ನೇಗಿಲಿನ ವ್ಯಾಪಾರ ಆರಂಭಿಸಿದ್ದು 1837ರಲ್ಲಿ. ಚೆನ್ನಾಗಿ ಬೇರೂರಿದ ಮೇಲೂ 1895ರಲ್ಲಿ ಅದು ‘ದಿ ಫರೋ’ ಎಂಬ ಪತ್ರಿಕೆ ಹೊರಡಿಸಿ ರೈತರಿಗೆ ಬೇಸಾಯದ ಮಾಹಿತಿ ಕೊಡತೊಡಗಿತು. ಆ ಪತ್ರಿಕೆ ಇಂದಿಗೂ ಬರುತ್ತಿದೆ. ಉಪಯೋಗದ ಮಾತು ಹೇಳಿದವರನ್ನು ಗಿರಾಕಿ ಮರೆಯುವುದಿಲ್ಲ!

ಈಗ ಅಚ್ಚಿನ ಖರ್ಚೂ ಇಲ್ಲ. ಕೊಬ್ಬರಿ ವರ್ತಕರು ಅಂತರಜಾಲದಲ್ಲಿ ವಾರಕ್ಕೊಂದು ಬರಹ ಕೊಡಬಹುದು: ಒಳ್ಳೆಯ ಕೊಬ್ಬರಿ ಗುರುತಿಸುವುದು ಹೇಗೆ, ಬೂಷ್ಟು ಹಿಡಿಯದಂತೆ ಇಡುವುದು ಹೇಗೆ, ಬೆಲೆ ಏರಿಳಿಯುವುದೇಕೆ. ಹೊಗಳಿಕೆ ಬೇಡ, ನಿಜ ಸಾಕು. ಒಂದು ಸುಳ್ಳು ಬರೆದರೂ ಹಲವು ವರ್ಷಗಳ ಹೆಸರು ಕೆಟ್ಟೀತು.

ಇದಕ್ಕೆ ತೋಟವನ್ನೂ ಭಾಷೆಯನ್ನೂ ಬಲ್ಲವರು ಬೇಕು. ಕನ್ನಡದ ಜೊತೆ ಹಿಂದಿಯನ್ನೂ ಚೆನ್ನಾಗಿ ಕಲಿತ ಹಳ್ಳಿಯ ಮಕ್ಕಳಿಗಿಂತ ಅರ್ಹರು ಯಾರಿದ್ದಾರೆ? ಮೊದಲ ಪಾಠಕ್ಕೆ ಪೇಟೆಗೆ ಹೋಗಬೇಕಿಲ್ಲ. ಅಟ್ಟದ ಏಣಿ ಹತ್ತಿದರಾಯಿತು.