ಗೆಳೆಯರ ತಿರುಗಾಟ, ಕಾದ ಪರಸಿ, ಹೇಳದ ಕಾಯಿಲೆ

ಕೆಲವು ವರ್ಷಗಳ ಹಿಂದಿನ ಮಾತು. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಐವತ್ತಾರು ವರ್ಷದ ಒಬ್ಬರು ನನ್ನ ಬಳಿ ಬಂದರು. ಸಿಮೆಂಟ್ ಕಾರ್ಖಾನೆಯೊಂದರ ಕಚೇರಿಯಲ್ಲಿ ಕೆಲಸ. ಬಲಗಾಲಿಗೆ ಹಳೆಯ ಧೋತರದ ತುಂಡು ಸುತ್ತಿಕೊಂಡಿದ್ದರು. ಬಿಚ್ಚಿ ನೋಡಿದರೆ ಅಂಗಾಲಿನ ಮುಂಭಾಗದ ಚರ್ಮ ಪೂರ್ತಿ ಸುಲಿದು, ಕಿರುಬೆರಳು ಕಪ್ಪಾಗಿ, ವಾಸನೆ ಬರುತ್ತಿತ್ತು. "ನೋವು ಎಷ್ಟು ದಿನದಿಂದ?" ಎಂದು ಕೇಳಿದೆ. "ನೋವೇ ಇಲ್ಲರಿ ಡಾಕ್ಟರೇ, ಅದಕ್ಕೇ ತಡ ಆಯ್ತು" ಎಂದರು.

ನಡೆದದ್ದು ಇಷ್ಟು. ಹತ್ತು ದಿನದ ಹಿಂದೆ ಆರು ಮಂದಿ ಗೆಳೆಯರು ಒಂದು ಜೀಪು ಮಾಡಿಕೊಂಡು ಶನಿವಾರ, ಭಾನುವಾರ ಎರಡು ದಿನದ ತಿರುಗಾಟಕ್ಕೆ ಹೊರಟಿದ್ದರು. ಮೊದಲ ದಿನ ಮಧ್ಯಾಹ್ನ ಒಂದೂವರೆಗೆ ಒಂದು ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟು ಒಳಗೆ ಹೋದರು. ಅಂಗಳಕ್ಕೆಲ್ಲ ಪರಸಿ ಹಾಸಿತ್ತು. ಉಳಿದ ಐವರು ಕಾಲು ಸುಟ್ಟು ಕುಣಿಯುತ್ತ, ನೆರಳಿನಿಂದ ನೆರಳಿಗೆ ಓಡಿದರು. ಇವರೊಬ್ಬರೇ ನಿಧಾನವಾಗಿ ನಡೆದು ಮೂರು ಸುತ್ತು ಪ್ರದಕ್ಷಿಣೆ ಹಾಕಿದರು. ಗೆಳೆಯರು ಇವರ ಭಕ್ತಿಯನ್ನು ಹೊಗಳಿದರು. ಭಾನುವಾರ ರಾತ್ರಿ ಮನೆಗೆ ಬಂದಾಗ ಕಾಲುಚೀಲ ಒದ್ದೆಯಾಗಿರುವುದನ್ನು ಕಂಡವರು ಹೆಂಡತಿ.

ಇವರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ಆ ಐವರು ಗೆಳೆಯರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ.

ಈಗ ಬೆಂಗಳೂರಿನ ಅನುಕೂಲಸ್ಥರು ವಾರದ ಕೊನೆಗೆ ಗೆಳೆಯರ ಗುಂಪು ಕಟ್ಟಿಕೊಂಡು ಥಾಯ್ಲೆಂಡಿಗೋ ಮಲೇಷಿಯಾಕ್ಕೋ ಹಾರಿ, ಗಾಲ್ಫ್ ಆಡಿ, ಊರು ನೋಡಿ, ಸೋಮವಾರ ಕಚೇರಿಗೆ ಹಾಜರಾಗುತ್ತಾರೆ. ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಗಾಲ್ಫ್ ಕೋಲು ಕಾಣುವುದು ಟಿ.ವಿ.ಯಲ್ಲಿ ಮಾತ್ರ, ಗಡಿ ದಾಟಿ ತಾಂಡೂರಿಗೆ ಹೋಗಿಬಂದರೆ ಅದೇ ನಮ್ಮ ಪರದೇಶ. ಆದರೆ ತಿರುಗಾಟದ ಸ್ವರೂಪ ಒಂದೇ. ಐದಾರು ಮಂದಿ, ಹೆಚ್ಚಿನವರು ನಲವತ್ತೈದು ದಾಟಿದವರು. ವಾರವಿಡೀ ಕುರ್ಚಿ, ಎರಡು ದಿನ ಓಡಾಟ. ಹೊತ್ತಲ್ಲದ ಹೊತ್ತಿನಲ್ಲಿ ಊಟ, ರಾತ್ರಿ ಗುಂಡು, ಅರ್ಧ ನಿದ್ದೆ. ಮನೆಯವರ ಕಣ್ಣು ತಪ್ಪಿದ ಸ್ವಾತಂತ್ರ್ಯ ಬೇರೆ. ದೇಹಕ್ಕೆ ಥಾಯ್ಲೆಂಡಿನ ಬಿಸಿಲೂ ಒಂದೇ, ಚಿತ್ತಾಪುರದ ಬಿಸಿಲೂ ಒಂದೇ.

ತಿರುಗಾಟ ಬೇಡವೆಂದು ಹೇಳಲು ನಾನು ಹೊರಟಿಲ್ಲ. ನಡೆಯುತ್ತ ಆಡುವ ಗಾಲ್ಫಿನಲ್ಲಿ ಹದಿನೆಂಟು ಕುಳಿ ಮುಗಿಸುವಷ್ಟರಲ್ಲಿ ಆರೇಳು ಕಿಲೋಮೀಟರ್ ನಡಿಗೆಯಾಗುತ್ತದೆ. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಸಂಶೋಧಕರು ಸುಮಾರು 3 ಲಕ್ಷ ಗಾಲ್ಫ್ ಆಟಗಾರರ ದಾಖಲೆ ಪರಿಶೀಲಿಸಿ, ಅವರಲ್ಲಿ ಮರಣದ ಪ್ರಮಾಣ ಅದೇ ವಯಸ್ಸಿನ ಇತರರಿಗಿಂತ ಶೇ. 40ರಷ್ಟು ಕಡಿಮೆ ಎಂದು 2008ರಲ್ಲಿ ವರದಿ ಮಾಡಿದರು. ಇದರಲ್ಲಿ ಗಾಲ್ಫಿನ ಪುಣ್ಯವೆಷ್ಟು, ಆರೋಗ್ಯವಂತರೇ ಗಾಲ್ಫಿಗೆ ಹೋಗುತ್ತಾರೆ ಎಂಬುದರ ಪಾಲೆಷ್ಟು ಎಂಬ ಅನುಮಾನ ಇದ್ದೇ ಇದೆ. ಆದರೂ ತೆರೆದ ಬಯಲು, ನಡಿಗೆ, ನಗುವ ನಾಲ್ಕು ಗೆಳೆಯರು ಒಟ್ಟಿಗೆ ಸಿಕ್ಕುವುದು ಔಷಧಿ ಅಂಗಡಿಯಲ್ಲಿ ಕೊಳ್ಳಲಾಗದ ವಸ್ತು.

ನಡೆದು ನೋಡಬೇಕಾದದ್ದು ನಮ್ಮ ಭಾಗದಲ್ಲಿ ಏನು ಕಡಿಮೆಯೇ? ಕಾಗಿಣಾ ದಂಡೆಯ ಮಳಖೇಡ ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ರಾಜಧಾನಿ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಒಂದು ಕಾಲಕ್ಕೆ ದೊಡ್ಡ ವಿದ್ಯಾಕೇಂದ್ರವೇ ಇತ್ತು. ಭೀಮಾ ತೀರದ ಸನ್ನತಿಯಲ್ಲಿ 1986ರಲ್ಲಿ ಗುಡಿಯೊಂದರ ಛಾವಣಿ ಕುಸಿದಾಗ ಅಶೋಕನ ಶಾಸನ ಬೆಳಕಿಗೆ ಬಂತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೆತ್ತಿದ ಅವನ ಶಿಲ್ಪವೇ ಸಿಕ್ಕಿತು. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ಅದರೊಳಗೆ ಚಂದ್ರಂಪಳ್ಳಿಯ ಜಲಾಶಯ, ಮಳೆಗಾಲದಲ್ಲಿ ಎತ್ತಿಪೋತೆಯ ಜಲಪಾತ. ಕಾರು ಇಲ್ಲದವರಿಗೆ 1874ರಿಂದ ಓಡುತ್ತಿರುವ ವಾಡಿ–ಸಿಕಂದರಾಬಾದ್ ರೈಲುಮಾರ್ಗ ಚಿತ್ತಾಪುರ, ಮಳಖೇಡ ರೋಡ್, ಸೇಡಂಗಳನ್ನು ಮುಟ್ಟಿಯೇ ಹೋಗುತ್ತದೆ.

ಇನ್ನು ಆ ಕಾಲಿನ ವಿಷಯಕ್ಕೆ ಬರೋಣ. ಹಲವು ವರ್ಷ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ನರಗಳು ಕೆಡುತ್ತವೆ. ಉದ್ದದ ನರಗಳು ಮೊದಲು ಕೆಡುವುದರಿಂದ ತೊಂದರೆ ಶುರುವಾಗುವುದು ಕಾಲ್ಬೆರಳ ತುದಿಯಿಂದ. ಕೆಲವರಿಗೆ ಉರಿ, ಜೋಮು ಬರುತ್ತದೆ. ಹಲವರಿಗೆ ಏನೂ ಬರುವುದಿಲ್ಲ, ಸ್ಪರ್ಶ ಮಾತ್ರ ಸದ್ದಿಲ್ಲದೆ ಹೋಗಿಬಿಡುತ್ತದೆ. ಶಹಾಬಾದ್ ಕಲ್ಲು ನಮ್ಮ ಹೆಮ್ಮೆ. ಮನೆಯೊಳಗೆ ಹಾಸಿದರೆ ಬೇಸಿಗೆಯಲ್ಲೂ ತಂಪು. ಆದರೆ ಬಯಲಿನಲ್ಲಿ ಬೆಳಗಿನಿಂದ ಬಿಸಿಲು ಕುಡಿದ ಅದೇ ಕಲ್ಲು ಮಧ್ಯಾಹ್ನದ ಹೊತ್ತಿಗೆ ಗಾಳಿಗಿಂತ ಎಷ್ಟೋ ಹೆಚ್ಚು ಬಿಸಿಯಾಗಿರುತ್ತದೆ. ಗಾಳಿಯೇ 42 ಡಿಗ್ರಿ ಇರುವ ದಿನ ಕಲ್ಲಿನ ಗತಿ ಊಹಿಸಿಕೊಳ್ಳಿ. ಸ್ಪರ್ಶವಿರುವವನು ಕ್ಷಣದಲ್ಲಿ ಕಾಲೆತ್ತುತ್ತಾನೆ. ಇಲ್ಲದವನು ಪ್ರದಕ್ಷಿಣೆ ಮುಗಿಸುತ್ತಾನೆ.

ಸ್ಪರ್ಶ ಇದೆಯೋ ಇಲ್ಲವೋ ಎಂದು ತಿಳಿಯಲು ಮನೆಯಲ್ಲೇ ಒಂದು ಸರಳ ಪರೀಕ್ಷೆ ಮಾಡಬಹುದು. ಕಾಯಿಲೆಯವರು ಮಲಗಿ ಕಣ್ಣು ಮುಚ್ಚಿಕೊಳ್ಳಬೇಕು. ಹೆಂಡತಿಯೋ ಮಗನೋ ತಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು, ಒತ್ತದೆ, ತಟ್ಟದೆ, ಹಗುರವಾಗಿ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೊಂದಾಗಿ ಮುಟ್ಟಬೇಕು. ಮುಟ್ಟಿದ್ದು ಗೊತ್ತಾದಾಗ ಎಡ, ಬಲ ಎಂದು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಆ ಪಾದಗಳನ್ನು ನಂಬುವಂತಿಲ್ಲ, ವೈದ್ಯರಿಗೆ ತೋರಿಸಿ. ಅಂಥವರು ಬಿಸಿಲಿನಲ್ಲಿ ಗುಡಿಗೆ ಹೋಗಲೇಬೇಕೆಂದರೆ ಬೆಳಿಗ್ಗೆ ಎಂಟರೊಳಗೆ ಅಥವಾ ಸೂರ್ಯ ಮುಳುಗಿದ ಮೇಲೆ ಹೋಗಲಿ. ದಪ್ಪ ಹತ್ತಿಯ ಕಾಲುಚೀಲಕ್ಕೆ ಎಷ್ಟೋ ಕಡೆ ಅಡ್ಡಿ ಇರುವುದಿಲ್ಲ, ಕೇಳಿ ನೋಡಬಹುದು. ಆದರೆ ಮಧ್ಯಾಹ್ನದ ಪರಸಿಯ ಮೇಲೆ ಕಾಲುಚೀಲವನ್ನೂ ನೆಚ್ಚಬೇಡಿ. ರಾತ್ರಿ ಮಲಗುವ ಮುನ್ನ ಅಂಗಾಲು ನೋಡಿಕೊಳ್ಳಿ; ಬಗ್ಗಲಾಗದಿದ್ದರೆ ಕನ್ನಡಿ ಇದೆ.

ಸುಟ್ಟದ್ದು ಕೂಡಲೇ ತಿಳಿದರೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಬೇಕು. ಮಂಜುಗಡ್ಡೆ, ಅರಿಶಿನ, ಹಲ್ಲುಪುಡಿ, ಶಾಯಿ ಯಾವುದೂ ಬೇಡ. ಗುಳ್ಳೆ ಒಡೆಯಬಾರದು. ನಮ್ಮ ರೋಗಿ ಸೂಜಿಯಿಂದ ಗುಳ್ಳೆ ಒಡೆದು ಅರಿಶಿನ ತುಂಬಿ, ಅದೇ ಕಾಲಿನಲ್ಲಿ ಒಂದು ವಾರ ಕೆಲಸಕ್ಕೆ ಹೋಗಿದ್ದರು. ಕಿರುಬೆರಳನ್ನೂ ಅದರ ಪಕ್ಕದ ಬೆರಳನ್ನೂ ತೆಗೆಯಬೇಕಾಯಿತು. ಪಾದ ಉಳಿಯಿತು.

ಗೆಳೆಯರಿಗೆ ಏಕೆ ಹೇಳಿರಲಿಲ್ಲ ಎಂದು ಆಮೇಲೆ ಕೇಳಿದೆ. "ಹೇಳಿದ್ರ ಎಲ್ಲಾದಕ್ಕೂ 'ಇವಂಗ ಬ್ಯಾಡ, ಇವಂಗ ಬ್ಯಾಡ' ಅಂತಾರ" ಎಂದರು. ಈ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ಇದೇ ಸಂಕೋಚ ಬೇರೆ ರೀತಿಯಲ್ಲಿ ಪ್ರಾಣಕ್ಕೇ ಬರಬಹುದು. ಸಕ್ಕರೆ ಇಳಿಸುವ ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು, ಊಟ ಮೂರು ಗಂಟೆಗೆ ಹೋಗಿ, ಖಾಲಿ ಹೊಟ್ಟೆಗೆ ಎರಡು ಪೆಗ್ ಬಿದ್ದರೆ ರಕ್ತದ ಸಕ್ಕರೆ ದಿಢೀರನೆ ಕುಸಿಯುತ್ತದೆ. ಬೆವರು, ನಡುಕ, ತೊದಲು ಮಾತು, ತೂರಾಟ. ಕಾಯಿಲೆ ಗೊತ್ತಿಲ್ಲದ ಗೆಳೆಯರು ಏನೆಂದುಕೊಳ್ಳುತ್ತಾರೆ? "ಇವನಿಗೆ ಜಾಸ್ತಿ ಆಯ್ತು, ಮಲಗಿಸಿ" ಎನ್ನುತ್ತಾರೆ. ಆ ನಿದ್ದೆಯಿಂದ ಏಳದೇ ಹೋಗುವುದುಂಟು. ಗೊತ್ತಿದ್ದ ಗೆಳೆಯ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ಕಾದು, ಏನಾದರೂ ತಿನ್ನಿಸುತ್ತಾನೆ. (ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು.) ಇನ್ಸುಲಿನ್ ಸೀಸೆಯನ್ನು ಬಿಸಿಲಲ್ಲಿ ನಿಂತ ಜೀಪಿನೊಳಗೆ ಬಿಟ್ಟು ಹೋಗಬೇಡಿ, ಅದು ಕೆಡುತ್ತದೆ. ನೀರು ಒಳಗೆ ಹೋಗದಂತೆ ಸುತ್ತಿ ಮಣ್ಣಿನ ಕುಡಿಕೆಯಲ್ಲಿಟ್ಟು ಮೇಲೆ ಒದ್ದೆ ಬಟ್ಟೆ ಹೊದಿಸಿದರೆ ದಿನವಿಡೀ ಸಾಕಷ್ಟು ತಂಪಾಗಿರುತ್ತದೆ.

ಹೃದಯದ ಮಾತು ಇನ್ನೂ ಗಂಭೀರ. ಅಮೆರಿಕದಲ್ಲಿ ಹೃದಯಾಘಾತವಾದ 1,228 ಮಂದಿಯನ್ನು ವಿಚಾರಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ನಾನು ಮರೆಯಲಾರೆ. ಭಾರಿ ಶ್ರಮಪಟ್ಟ ಮುಂದಿನ ಒಂದು ಗಂಟೆಯಲ್ಲಿ ಹೃದಯಾಘಾತದ ಅಪಾಯ, ವಾರಕ್ಕೆ ಐದು ದಿನವಾದರೂ ವ್ಯಾಯಾಮ ಮಾಡುವವರಿಗೆ ಎರಡೂವರೆ ಪಟ್ಟಿನೊಳಗೇ ಹೆಚ್ಚಿತ್ತು. ವಾರಕ್ಕೊಮ್ಮೆಯೂ ಮಾಡದವರಿಗೆ ಅದು ನೂರು ಪಟ್ಟು ದಾಟಿತ್ತು. ಒಂದು ಗಂಟೆಯ ಮೂಲ ಅಪಾಯವೇ ಅತಿ ಸಣ್ಣದಾದ್ದರಿಂದ ಹೆದರಿ ಮನೆಯಲ್ಲಿ ಕೂರಬೇಕಿಲ್ಲ. ಆದರೆ ಯಾರು ಎಚ್ಚರದಿಂದಿರಬೇಕು ಎಂಬುದು ಸ್ಪಷ್ಟ. ಕೋಟೆಯ ಬುರುಜನ್ನು ಪಂದ್ಯ ಕಟ್ಟಿ ಹತ್ತುವುದು, ಹೂತ ಜೀಪನ್ನು ತಳ್ಳುವುದು, ಜಲಾಶಯದಲ್ಲಿ ಈಜಿನ ಸವಾಲು – ಇವೇ ಆ 'ಭಾರಿ ಶ್ರಮ'. ಹೋಗುವ ತಿಂಗಳ ಮುಂಚಿನಿಂದ ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆದರೆ ಮಳಖೇಡವೂ ಹಗುರವಾಗುತ್ತದೆ.

ಎದೆ ಹಿಂಡಿದಂತೆ, ಭಾರವಿಟ್ಟಂತೆ ಅನಿಸಿ, ತಣ್ಣನೆಯ ಬೆವರು ಬಂದು, ನೋವು ದವಡೆಗೋ ಎಡತೋಳಿಗೋ ಹರಿದರೆ ಅದನ್ನು 'ಗ್ಯಾಸ್' ಎಂದು ಸೋಡಾ ಕುಡಿಸಿ ಕೂರಿಸಬೇಡಿ. ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಉಬ್ಬಸ, ಸುಸ್ತು, ವಾಂತಿ ಬರಬಹುದು; ಇಲ್ಲಿಯೂ ನರಗಳದೇ ಮೋಸ. ಚೇತರಿಸಿಕೊಳ್ಳಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಸೇಡಂ, ಚಿತ್ತಾಪುರ, ಚಿಂಚೋಳಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಮೊದಲು ಹತ್ತಿರದಲ್ಲಿ ಇ.ಸಿ.ಜಿ. ಆಗಲಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದು ಬೇಕಾದರೆ ಅದು ಮೊದಲ ಗಂಟೆಗಳಲ್ಲಿ ಬಿದ್ದಷ್ಟೂ ಹೃದಯದ ಸ್ನಾಯು ಉಳಿಯುತ್ತದೆ. ಕಲಬುರಗಿಯಲ್ಲಿ ಈಗ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯೇ ಇರುವುದರಿಂದ ಮುಂದಿನ ಚಿಕಿತ್ಸೆಗೆ ಮೊದಲಿನಂತೆ ಸೊಲ್ಲಾಪುರ, ಹೈದರಾಬಾದ್ ಎಂದು ಓಡಬೇಕಿಲ್ಲ.

ಬಿಸಿಲಿನ ಬಗ್ಗೆ ಬಿಸಿಲುನಾಡಿನವರಿಗೆ ಪಾಠ ಹೇಳುವುದು ಅಧಿಕಪ್ರಸಂಗವೇ ಸರಿ. ಆದರೂ ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುವವರು ಹೊಲದಲ್ಲಿ ದುಡಿಯುವವರಂತೆ ಬಿಸಿಲಿಗೆ ಒಗ್ಗಿರುವುದಿಲ್ಲ. ಒಗ್ಗಲು ದೇಹಕ್ಕೆ ಒಂದೆರಡು ವಾರ ಬೇಕು, ವಾರಾಂತ್ಯ ಇರುವುದು ಎರಡೇ ದಿನ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಬೇಗ ಬಸವಳಿಯುತ್ತಾರೆ. ತಾವಾಗಿ ಮಾತ್ರೆ ನಿಲ್ಲಿಸದೆ, ಹೊರಡುವ ಮುಂಚೆ ವೈದ್ಯರನ್ನು ಕೇಳಬೇಕು. ಬಿಯರು ಬಾಯಾರಿಕೆಗೆ ಮದ್ದಲ್ಲ. ಅದು ಕೊಟ್ಟದ್ದಕ್ಕಿಂತ ಹೆಚ್ಚು ನೀರನ್ನು ಹೊರಗೆ ಕಳಿಸಬಲ್ಲದು. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಒಳ್ಳೆಯದು. ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದರೂ ಆಗುತ್ತದೆ. ಗೆಳೆಯನೊಬ್ಬ ಬಿಸಿಲಲ್ಲಿ ಅಸಂಬದ್ಧ ಮಾತಾಡತೊಡಗಿ ಮೈ ಕಾದ ಹಂಚಿನಂತಾಗಿದ್ದರೆ ಅದು ಸುಸ್ತಲ್ಲ, ಬಿಸಿಲಿನ ಆಘಾತ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಕೊಡಗಟ್ಟಲೆ ನೀರು ಸುರಿದು ಗಾಳಿ ಹಾಕಬೇಕು. ಆಸ್ಪತ್ರೆಯ ಗಾಡಿ ಬರುವವರೆಗೂ ಸುರಿಯುತ್ತಿರಬೇಕು. ಜ್ವರದ ಮಾತ್ರೆ ಇಲ್ಲಿ ಉಪಯೋಗಕ್ಕೆ ಬಾರದು.

ಮಳೆಗಾಲದ ಚಿಂಚೋಳಿಯ ತಾಪತ್ರಯಗಳು ಬೇರೆ: ಜಾರುವ ಬಂಡೆ, ಹಾವು, ಕುಡಿದು ನೀರಿಗಿಳಿಯುವವರು. ಅದಕ್ಕೆ ಇನ್ನೊಂದು ವಾರ ಬೇಕಾದೀತು.

ಆ ಆರು ಮಂದಿ ಈಗಲೂ ತಿರುಗುತ್ತಾರೆ. ಬೆರಳು ಹೋದ ಸುದ್ದಿ ಕೇಳಿ ಆಸ್ಪತ್ರೆಗೆ ಬಂದ ದಿನವೇ ಒಬ್ಬರು ತಮ್ಮ ಬಿಪಿಯನ್ನೂ, ಇನ್ನೊಬ್ಬರು ಮೂರು ವರ್ಷದ ಹಿಂದೆ ಹಾಕಿಸಿಕೊಂಡ ಸ್ಟೆಂಟನ್ನೂ ಬಾಯಿಬಿಟ್ಟರಂತೆ. ಈಗ ಹೊರಡುವುದು ಡಿಸೆಂಬರ್, ಜನವರಿಯಲ್ಲಿ. ಜೀಪಿನ ಮುಂದಿನ ಪೆಟ್ಟಿಗೆಯಲ್ಲಿ ಒಂದು ಚೀಟಿ ಇರುತ್ತದೆ: ಯಾರಿಗೆ ಯಾವ ಕಾಯಿಲೆ, ಯಾವ ಮಾತ್ರೆ, ಮನೆಯ ಫೋನು. ಹೋದ ಸಲ ನಾಗಾವಿಗೆ ಹೊರಡುವ ಹಿಂದಿನ ದಿನ ಅವರು ಪಾದ ತೋರಿಸಲು ಬಂದಿದ್ದರು. ಗಾಯವೇನೂ ಇರಲಿಲ್ಲ. ಹೊಸ ಬೂಟು ಮಾತ್ರ ಸ್ವಲ್ಪ ಬಿಗಿಯಾಗಿತ್ತು. ಬದಲಿಸಿಕೊಂಡು ಬನ್ನಿ ಎಂದು ಕಳಿಸಿದೆ.