ಕಾಲಡಿಯ ಪೆಟ್ಟಿಗೆಯ ಮುಂದಿನ ಹಾದಿ

1961ರಲ್ಲಿ ಹೊರಬಂದ ಗಾಯಕ ಮಾರ್ಟಿ ರಾಬಿನ್ಸ್ ಅವರ ಹಾಡೊಂದರಲ್ಲಿ ಬೇಸ್ ಗಿಟಾರಿನ ದನಿ ಒಡೆದು ಗುರುಗುಟ್ಟಿತ್ತು. ನ್ಯಾಶ್‌ವಿಲ್ ಸ್ಟುಡಿಯೊದ ಕೆಟ್ಟುಹೋದ ಉಪಕರಣವೇ ಅದಕ್ಕೆ ಕಾರಣ. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ದೋಷವನ್ನೇ ಟ್ರಾನ್ಸಿಸ್ಟರುಗಳಿಂದ ಮರುಸೃಷ್ಟಿಸಿದರು. ಅದೇ 1962ರಲ್ಲಿ ಕಾಲಿನಿಂದ ಮೆಟ್ಟುವ ಮೇಸ್ಟ್ರೊ ಫಜ್-ಟೋನ್ ಪೆಡಲ್ ಆಗಿ ಮಾರುಕಟ್ಟೆಗೆ ಬಂತು. 1965ರಲ್ಲಿ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಅದನ್ನು ಮೆಟ್ಟಿದಾಗ ಜಗತ್ತೇ ಕಿವಿಗೊಟ್ಟಿತು.

ಈಗ ಸಾಫ್ಟ್‌ವೇರಿನ ಸರದಿ.

ಫಿನ್ಲೆಂಡಿನ ನ್ಯೂರಲ್ ಡಿಎಸ್‌ಪಿ ಕಂಪನಿಯ ಕ್ವಾಡ್ ಕಾರ್ಟೆಕ್ಸ್ ಎಂಬ ಉಪಕರಣ ಹಳೆಯ ಪೆಡಲಿಗೆ ಪರೀಕ್ಷಾ ಸಂಕೇತಗಳನ್ನು ಕಳಿಸಿ, ಹೊರಬಂದ ದನಿಯಿಂದ ಅದರ ವರ್ತನೆಯನ್ನೇ ಕಲಿತುಬಿಡುತ್ತದೆ. ಇಂಥದೇ ಕೆಲಸ ಮಾಡುವ ನ್ಯೂರಲ್ ಆಂಪ್ ಮಾಡೆಲರ್ ಎಂಬ ತಂತ್ರಾಂಶವಂತೂ ಉಚಿತ. ಒರಟು ದನಿಯನ್ನು ಹೀಗೆ ಕಲಿಸುವುದು ಸುಲಭ. ಹೊತ್ತಿನೊಂದಿಗೆ ಬದಲಾಗುವ ಕೋರಸ್, ಪ್ರತಿಧ್ವನಿಯಂಥ ಪರಿಣಾಮಗಳನ್ನು ಕಲಿಸುವುದು ಕಷ್ಟ.

ಹಾಗೆಂದು ಕಾಲಡಿಯ ಗುಂಡಿಗಳು ಮಾಯವಾಗಲಾರವು. ಹಾಡಿನ ನಡುವೆ ಪರದೆಯ ಮೆನು ತಡಕಾಡಲು ಯಾವ ಕಲಾವಿದರಿಗೂ ಪುರುಸೊತ್ತಿರುವುದಿಲ್ಲ.